ಲಕ್ವಾ ಹೊಡೆದ ಮೇಲೆ ಮಾತು ಮತ್ತು ಓದನ್ನು ಮರಳಿ ಕಟ್ಟುವುದು: ಮನೆಯವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಯಾರಿಗಾದರೂ ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆಯಿತು ಎಂದರೆ ನೋಡಲು ಬಂದವರು ಮೊದಲು ಕೇಳುವುದು ಕೈಕಾಲಿನ ಬಗ್ಗೆ. ಕೈಕಾಲು ಆಡುತ್ತವೆ ಎಂದರೆ ಅರ್ಧ ಸಮಾಧಾನ. ಎಣ್ಣೆ ತಿಕ್ಕುವವರು ಯಾರು, ವ್ಯಾಯಾಮ ಮಾಡಿಸುವವರು ಯಾರು ಎಂದು ಅಂದೇ ಮಾತುಕತೆ ಶುರುವಾಗುತ್ತದೆ. ಮಾತಿನ ವಿಷಯ ಬಂದರೆ "ಅದು ತಾನಾಗಿ ಬರುತ್ತದೆ ಬಿಡಿ" ಎಂದು ಮುಂದಕ್ಕೆ ಹಾಕುತ್ತಾರೆ. ಓದಿನ ಬಗ್ಗೆಯಂತೂ ಯಾರೂ ಕೇಳುವುದೇ ಇಲ್ಲ. ದಿನಾ ಬೆಳಿಗ್ಗೆ ಪತ್ರಿಕೆ ಬಿಡಿಸುತ್ತಿದ್ದವರು ಅದನ್ನು ಮಡಚಿ ಪಕ್ಕಕ್ಕಿಟ್ಟರೆ ಕಣ್ಣು ಮಂಜಾಗಿರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ.

ನಮ್ಮ ಅಪ್ಪ ಹುಬ್ಬಳ್ಳಿಯ ಎಪಿಎಂಸಿಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ ಮಾಡಿದವರು. ಮಾತೇ ಅವರ ಬಂಡವಾಳವಾಗಿತ್ತು. ಲಕ್ವಾ ಹೊಡೆದಾಗ ಅವರ ಬಲಗೈಯ ಜೊತೆಗೆ ಮಾತು, ಓದು, ಲೆಕ್ಕ ಎಲ್ಲವೂ ಹೋದವು. ಸ್ಪೀಚ್ ಥೆರಪಿಸ್ಟ್ ಕಲಿಸಿದ್ದನ್ನು ಮನೆಯಲ್ಲಿ ದಿನವೂ ಮಾಡುತ್ತ ನಮಗೆ ಮನದಟ್ಟಾದದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಥೆರಪಿಸ್ಟ್ ಎದುರು ಕೂರುವುದು ವಾರಕ್ಕೆ ಕೆಲವೇ ಗಂಟೆ. ಉಳಿದ ಹೊತ್ತೆಲ್ಲ ರೋಗಿ ಇರುವುದು ಮನೆಯವರ ನಡುವೆ. ಹಾಗಾಗಿ ಮನೆಯವರು ಅವರನ್ನು ಮಾತನಾಡಿಸುವ ರೀತಿಯೇ ಚಿಕಿತ್ಸೆಯ ದೊಡ್ಡ ಪಾಲು ಎಂದು ನಾನು ಬಲವಾಗಿ ನಂಬುತ್ತೇನೆ.

ಎಲ್ಲಕ್ಕಿಂತ ಮೊದಲು

ಮಾತು ಇದ್ದಕ್ಕಿದ್ದಂತೆ ತೊದಲಿದರೆ, ಬಾಯಿ ಒಂದು ಕಡೆಗೆ ವಾಲಿದರೆ, ಒಂದು ಕೈ ಸೋತರೆ ಕೂಡಲೇ 108ಕ್ಕೆ ಕರೆ ಮಾಡಿ. ರಕ್ತ ಹೆಪ್ಪುಗಟ್ಟಿ ಬರುವ ಲಕ್ವಾಕ್ಕೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಊರ ಔಷಧಿಗೆ ಓಡಾಡಿ ಆ ಹೊತ್ತನ್ನು ಕಳೆದರೆ ಅದು ಮತ್ತೆ ಸಿಗುವುದಿಲ್ಲ. ಒಮ್ಮೆ ಲಕ್ವಾ ಆದವರಿಗೆ ಇನ್ನೊಮ್ಮೆ ಆಗುವ ಅಪಾಯ ಉಳಿದವರಿಗಿಂತ ಹೆಚ್ಚು. ಸುಧಾರಿಸುತ್ತಿದ್ದ ಮಾತು ಒಂದು ದಿನ ದಿಢೀರನೆ ಕೆಟ್ಟರೆ "ದಣಿದಿದ್ದಾರೆ" ಎಂದು ಸುಮ್ಮನಿರಬೇಡಿ. ರಕ್ತದೊತ್ತಡ ಮತ್ತು ಸಕ್ಕರೆಯ ಮಾತ್ರೆಗಳನ್ನು ಒಂದು ಹೊತ್ತೂ ತಪ್ಪಿಸಬೇಡಿ.

ಇನ್ನೊಂದು ಮಾತು ನುಂಗುವುದರ ಬಗ್ಗೆ. ಮಾತಾಡಲು ಬೇಕಾದ ನಾಲಿಗೆ, ಗಂಟಲುಗಳೇ ನುಂಗಲಿಕ್ಕೂ ಬೇಕು. ನೀರು ಕುಡಿದಾಗ ಕೆಮ್ಮು ಬರುತ್ತಿದ್ದರೆ, ಕುಡಿದ ಮೇಲೆ ದನಿ ಗುಳುಗುಳು ಎನ್ನುತ್ತಿದ್ದರೆ, ನೀರು ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ಅದರಿಂದ ನ್ಯುಮೋನಿಯಾ ಆಗಬಹುದು. ನುಂಗುವ ಶಕ್ತಿಯನ್ನು ವೈದ್ಯರು ಅಥವಾ ಥೆರಪಿಸ್ಟ್ ಪರೀಕ್ಷಿಸುವ ತನಕ ಪ್ರೀತಿಯಿಂದ ಚಹಾ ಕುಡಿಸುವುದೂ ಬೇಡ.

ಮೊದಲನೆಯ ಹೆಜ್ಜೆ: ಹೋದದ್ದು ಏನು ಎಂದು ತಿಳಿಯುವುದು

"ಮಾತು ಹೋಗಿದೆ" ಎಂಬ ಒಂದೇ ಮಾತಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿರುತ್ತವೆ. ಇವುಗಳ ಅಭ್ಯಾಸವೂ ಬೇರೆ ಬೇರೆ.

ತುಟಿ, ನಾಲಿಗೆಗಳ ಸ್ನಾಯು ಸೋತು ಉಚ್ಚಾರ ಮಬ್ಬಾಗುವುದು ಒಂದು. ಇದಕ್ಕೆ ಡಿಸಾರ್ಥ್ರಿಯಾ ಎನ್ನುತ್ತಾರೆ. ಇಂಥವರು ಹೇಳಬೇಕಾದ್ದನ್ನು ಸರಿಯಾಗಿಯೇ ಹೇಳುತ್ತಾರೆ, ಓದು ಬರಹವೂ ಸಾಮಾನ್ಯವಾಗಿ ಉಳಿದಿರುತ್ತದೆ, ಕೇಳುವವರಿಗೆ ಮಾತ್ರ ಸ್ಪಷ್ಟವಾಗುವುದಿಲ್ಲ. ಸ್ನಾಯುವಿನಲ್ಲಿ ಬಲವಿದ್ದರೂ ನಾಲಿಗೆಯನ್ನು ಯಾವ ಕ್ರಮದಲ್ಲಿ ಆಡಿಸಬೇಕು ಎಂಬ ಮಿದುಳಿನ ಅಪ್ಪಣೆ ತಪ್ಪುವುದು ಇನ್ನೊಂದು. ಇದು ಅಪ್ರಾಕ್ಸಿಯಾ. ಒಂದೇ ಶಬ್ದ ಒಮ್ಮೆ ಸರಿಯಾಗಿ, ಮರುಕ್ಷಣ ತಪ್ಪಾಗಿ ಬರುತ್ತದೆ. ಮೂರನೆಯದು ಅಫೇಸಿಯಾ. ಇದರಲ್ಲಿ ಭಾಷೆಗೇ ಪೆಟ್ಟು ಬಿದ್ದಿರುತ್ತದೆ. ಶಬ್ದ ಹುಡುಕುವುದು, ವಾಕ್ಯ ಕಟ್ಟುವುದು, ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವುದು, ಓದು, ಬರಹ ಎಲ್ಲವೂ ಹೆಚ್ಚು ಕಡಿಮೆ ಕೆಡುತ್ತವೆ. ಲಕ್ವಾ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅಫೇಸಿಯಾ ಬರುತ್ತದೆ. ಬಹುತೇಕ ಜನರಲ್ಲಿ ಭಾಷೆಯ ಕೆಲಸ ಮಿದುಳಿನ ಎಡಭಾಗದಲ್ಲಿ ನಡೆಯುವುದರಿಂದ ಬಲಗೈ, ಬಲಗಾಲು ಬಿದ್ದವರಲ್ಲೇ ಇದು ಹೆಚ್ಚು.

ಅಫೇಸಿಯಾದಲ್ಲೂ ಬಗೆಗಳಿವೆ. ಕೆಲವರು ಬಹುಮಟ್ಟಿಗೆ ಅರ್ಥ ಮಾಡಿಕೊಳ್ಳುತ್ತಾರೆ, ಆದರೆ ಒಂದೊಂದು ಶಬ್ದಕ್ಕೂ ಹೆಣಗುತ್ತಾರೆ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ವಿವರಿಸಿದ ರೋಗಿಯ ಬಾಯಿಂದ ಏನು ಕೇಳಿದರೂ "ಟಾನ್" ಎಂಬ ಒಂದೇ ಸದ್ದು ಬರುತ್ತಿತ್ತು. ಎಡಮಿದುಳಿನ ಮುಂಭಾಗದಲ್ಲಿ ಪೆಟ್ಟಾದರೆ ಬರುವ ಈ ಬಗೆಗೆ ಇಂದಿಗೂ ಬ್ರೋಕಾ ಹೆಸರೇ ಇದೆ. 1874ರಲ್ಲಿ ಕಾರ್ಲ್ ವೆರ್ನಿಕೆ ವಿವರಿಸಿದ್ದು ಇದಕ್ಕೆ ತಿರುಗುಮುರುಗು. ಮಾತು ಸರಾಗವಾಗಿ ಹರಿಯುತ್ತದೆ, ಅರ್ಥ ಮಾತ್ರ ಕೂಡಿಬರುವುದಿಲ್ಲ, ಎದುರಿನವರ ಮಾತೂ ತಲೆಗೆ ಹೋಗುವುದಿಲ್ಲ. ಇಂಥವರನ್ನು ಮನೆಯವರು "ತಲೆ ಕೆಟ್ಟಿದೆ" ಎಂದು ತಿಳಿಯುವುದುಂಟು. ದಯವಿಟ್ಟು ಹಾಗೆ ತಿಳಿಯಬೇಡಿ. ಗೋದಾಮಿನಲ್ಲಿ ಮಾಲು ಇದೆ, ಬಾಗಿಲು ತೆರೆಯುತ್ತಿಲ್ಲ, ಅಷ್ಟೇ.

ಪರೀಕ್ಷೆಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಲಕ್ವಾಕ್ಕೆ ಮುಂಚೆ ಎಷ್ಟು ಓದುತ್ತಿದ್ದರು, ಯಾವ ಯಾವ ಭಾಷೆ ಬರುತ್ತಿತ್ತು, ಮನೆಮಾತು ಯಾವುದು, ಕನ್ನಡಕ ಇದೆಯೇ, ಕಿವಿ ಹೇಗಿದೆ, ಬರೆಯುತ್ತಿದ್ದ ಕೈ ಯಾವುದು. ಹುಬ್ಬಳ್ಳಿಯಲ್ಲಿ ಮನೆಯಲ್ಲಿ ಉರ್ದು ಅಥವಾ ಮರಾಠಿ, ಪೇಟೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುವವರು ಬಹಳ. ಎಲ್ಲ ಭಾಷೆಗಳೂ ಒಂದೇ ಪ್ರಮಾಣದಲ್ಲಿ ಮರಳುತ್ತವೆ ಎಂದೇನಿಲ್ಲ. ಯಾವ ಭಾಷೆಯಲ್ಲಿ ಮೊದಲ ಮಾತು ಬಂದರೂ ಅದನ್ನು ಬರಮಾಡಿಕೊಳ್ಳಿ.

ಎರಡನೆಯ ಹೆಜ್ಜೆ: ಥೆರಪಿಸ್ಟ್ ಹುಡುಕುವುದು

ಹುಬ್ಬಳ್ಳಿ ವಿದ್ಯಾನಗರದಲ್ಲಿ ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆ ಇದೆ. ಧಾರವಾಡದಲ್ಲೇ ನರ ಮತ್ತು ಮಾನಸಿಕ ಆರೋಗ್ಯಕ್ಕೆ ಡಿಮ್ಹಾನ್ಸ್ ಇದೆ. ಗದಗ ಮತ್ತು ಹಾವೇರಿಯವರು ತಮ್ಮ ಜಿಲ್ಲೆಯ ವೈದ್ಯಕೀಯ ವಿಜ್ಞಾನ ಸಂಸ್ಥೆಗಳಲ್ಲಿ ಮೊದಲು ವಿಚಾರಿಸಬಹುದು. ಎಲ್ಲೇ ಹೋದರೂ "ಸ್ಪೀಚ್ ಥೆರಪಿ ವಿಭಾಗ ಯಾವ ದಿನ ಇರುತ್ತದೆ, ದೊಡ್ಡವರ ಲಕ್ವಾ ರೋಗಿಗಳನ್ನು ನೋಡುತ್ತಾರೆಯೇ" ಎಂದು ಕೇಳಿಕೊಂಡೇ ಹೊರಡಿ, ಏಕೆಂದರೆ ಎಷ್ಟೋ ಕಡೆ ಮಕ್ಕಳ ಮಾತಿನ ತೊಂದರೆಗೇ ಹೆಚ್ಚು ಸಮಯ ಹೋಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತ ಬಂದಿದೆ. ಅಫೇಸಿಯಾಕ್ಕೆ ಕನ್ನಡದಲ್ಲೇ ಪರೀಕ್ಷೆ ಮತ್ತು ಚಿಕಿತ್ಸೆಯ ಸಾಮಗ್ರಿ ಸಿದ್ಧಪಡಿಸಿರುವ ಸಂಸ್ಥೆ ಅದು, ದೂರದವರಿಗೆ ವೀಡಿಯೊ ಮೂಲಕವೂ ಚಿಕಿತ್ಸೆ ಕೊಡುತ್ತದೆ.

ವಾರ ವಾರ ಹೋಗುವುದು ಆಗದಿದ್ದರೆ ಥೆರಪಿಸ್ಟ್ ಬಳಿ ಮನೆಯಲ್ಲಿ ಮಾಡಬೇಕಾದ ಅಭ್ಯಾಸದ ಪಟ್ಟಿಯನ್ನು ಕೇಳಿ ಪಡೆಯಿರಿ. ಅವರು ಮಾಡಿಸುವಾಗ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ಮನೆಯಲ್ಲಿ ಅಭ್ಯಾಸ ಮಾಡಿಸುವವರೇ ಜೊತೆಗೆ ಹೋಗಬೇಕು. ಕಾರು ಓಡಿಸುವವರು ಹೋಗಿ ಬಂದು ಮನೆಯಲ್ಲಿ ವರದಿ ಒಪ್ಪಿಸಿದರೆ ಏನೂ ಉಪಯೋಗವಿಲ್ಲ.

"ಆರು ತಿಂಗಳಾಯಿತು, ಇನ್ನು ಬರುವುದಿಲ್ಲ" ಎಂಬ ಮಾತನ್ನು ನಂಬಬೇಡಿ. ಮೊದಲ ಕೆಲವು ತಿಂಗಳಲ್ಲಿ ಸುಧಾರಣೆ ಹೆಚ್ಚು ಎನ್ನುವುದು ನಿಜ. ಆದರೆ ಲಕ್ವಾ ಆಗಿ ಆರು ತಿಂಗಳು ದಾಟಿದವರಿಗೆ ಮೂರು ವಾರ, ವಾರಕ್ಕೆ ಕನಿಷ್ಠ 10 ಗಂಟೆ ಥೆರಪಿ ಕೊಟ್ಟಾಗಲೂ ದಿನನಿತ್ಯದ ಮಾತು ಸುಧಾರಿಸಿತು ಎಂದು ಜರ್ಮನಿಯಲ್ಲಿ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿದೆ.

ಮೂರನೆಯ ಹೆಜ್ಜೆ: ಮನೆಯ ಮಾತು ಬದಲಾಗಬೇಕು

ಅಭ್ಯಾಸಕ್ಕೆ ಕೂರುವ ಮೊದಲು ಇದನ್ನು ಸರಿಪಡಿಸಿಕೊಳ್ಳಿ. ಟಿವಿ ಬಂದ್ ಮಾಡಿ. ಎದುರಿಗೆ, ಮುಖ ಕಾಣುವಂತೆ ಕುಳಿತುಕೊಳ್ಳಿ. ಒಬ್ಬರು ಮಾತ್ರ ಮಾತಾಡಿ. ವಾಕ್ಯ ಚಿಕ್ಕದಾಗಿರಲಿ, ಆದರೆ ಮಗುವಿಗೆ ಹೇಳುವ ಧಾಟಿ ಬೇಡ, ಕೂಗುವುದೂ ಬೇಡ. ಅವರ ಕಿವಿ ಕೆಟ್ಟಿಲ್ಲ. ಹೇಳಿದ ಮೇಲೆ ಕಾಯಿರಿ. ಮನಸ್ಸಿನಲ್ಲಿ ಹತ್ತರ ತನಕ ಎಣಿಸುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಎಂಬುದು ಮಾಡಿದವರಿಗೇ ಗೊತ್ತು. ಆ ಹತ್ತು ಎಣಿಕೆಯೊಳಗೇ ಎಷ್ಟೋ ಸಲ ಶಬ್ದ ಹೊರಗೆ ಬರುತ್ತದೆ.

"ಏನು ತಿನ್ನುತ್ತೀರಿ?" ಎಂದು ಕೇಳುವ ಬದಲು ಎರಡು ವಸ್ತು ಮುಂದಿಟ್ಟು "ರೊಟ್ಟಿಯೋ, ಅನ್ನವೋ?" ಎಂದು ಕೇಳಿ. ಅದೂ ಆಗದಿದ್ದರೆ ಹೌದು-ಇಲ್ಲ ಪ್ರಶ್ನೆಗೆ ಬನ್ನಿ. ಅಫೇಸಿಯಾ ಇದ್ದವರಲ್ಲಿ "ಹೌದು" ಎನ್ನಬೇಕಾದಲ್ಲಿ "ಇಲ್ಲ" ಬಂದುಬಿಡುತ್ತದೆ. ಆದ್ದರಿಂದ ತಲೆಯಾಡಿಸುವುದನ್ನೂ ಮುಖವನ್ನೂ ನೋಡಿ, ಮುಖ್ಯ ವಿಷಯವಾದರೆ ತಿರುಗಿಸಿ ಇನ್ನೊಮ್ಮೆ ಕೇಳಿ. ಕಾಗದ, ಪೆನ್ನು ಸದಾ ಕೈಗೆ ಸಿಗುವಂತಿರಲಿ. ಮಾತನಾಡುತ್ತಲೇ ಮುಖ್ಯ ಶಬ್ದವನ್ನು ದಪ್ಪಗೆ ಬರೆದು ತೋರಿಸಿ. ಬೆರಳು ತೋರಿಸಿ ಹೇಳಿದರೂ, ಚಿತ್ರ ಗೀಚಿ ಹೇಳಿದರೂ ಅದು ಮಾತೇ. ಸನ್ನೆ ಬಳಸಿದರೆ ಮಾತು ಬರುವುದು ತಡವಾಗುತ್ತದೆ ಎಂಬ ಭಯ ಬೇಡ.

ನೋಡಲು ಬರುವ ಬಂಧುಗಳ ವಿಷಯ ಬಿಡಿಸಿ ಹೇಳಬೇಕು. ಪ್ರೀತಿ ಇದ್ದೇ ಬರುತ್ತಾರೆ. ಬಂದವರು ಮಂಚದ ಬಳಿ ನಿಂತು "ನಾನು ಯಾರು ಹೇಳು ನೋಡೋಣ? ಗುರುತು ಸಿಕ್ಕಿತೇ? ನನ್ನ ಹೆಸರೇನು?" ಎಂದು ಪರೀಕ್ಷೆ ಶುರು ಮಾಡುತ್ತಾರೆ. ಹೆಸರು ಹೇಳುವುದೇ ಅಫೇಸಿಯಾದಲ್ಲಿ ಅತಿ ಕಷ್ಟದ ಕೆಲಸ. ಗುರುತು ಚೆನ್ನಾಗಿಯೇ ಸಿಕ್ಕಿರುತ್ತದೆ, ಹೆಸರು ಬಾಯಿಗೆ ಬರುವುದಿಲ್ಲ, ಎಲ್ಲರೆದುರು ಕಣ್ಣಲ್ಲಿ ನೀರು ತುಂಬುತ್ತದೆ. ಆಮೇಲೆ ಅವರ ಎದುರೇ "ಪಾಪ, ಯಾರನ್ನೂ ಗುರುತಿಸುವುದಿಲ್ಲ" ಎಂಬ ಮಾತು. ನಮ್ಮ ಅವ್ವ ಇದಕ್ಕೆ ಬಾಗಿಲಲ್ಲೇ ಒಂದು ದಾರಿ ಮಾಡಿಕೊಂಡರು. ಬಂದವರಿಗೆ ನೀರು ಕೊಡುತ್ತ, "ನಿಮ್ಮ ಹೆಸರು ನೀವೇ ಹೇಳಿ, ಊರಿನ ಮಳೆ ಬೆಳೆ ಸುದ್ದಿ ಹೇಳಿ, ಏನೂ ಕೇಳಬೇಡಿ" ಎನ್ನುತ್ತಿದ್ದರು. ಬ್ಯಾಡಗಿಯಿಂದ ಬಂದ ಕಾಕಾ ಒಳಗೆ ಕುಳಿತು ಅಲ್ಲಿನ ಪೇಟೆಯ ಆವಕ, ದರ ಎಲ್ಲ ಹೇಳುತ್ತ ಹೋದರು. ಅಪ್ಪ ಒಂದು ಕಡೆ ತಲೆಯಾಡಿಸಿ "ಇಲ್ಲ, ಇಲ್ಲ... ಹೆಚ್ಚು" ಎಂದರು. ಕಾಕಾ ಹೇಳಿದ ದರ ಹೆಚ್ಚಾಯಿತು ಎಂದು ಅದರ ಅರ್ಥ. ಯಾರೂ ಪರೀಕ್ಷೆ ಮಾಡದೆ, ಹೇಳಲೇಬೇಕಾದ ವಿಷಯವೊಂದು ಎದುರಿಗೆ ಬಂದಾಗ ಮಾತು ಹೀಗೆ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಬಾಯಿಗೆ ರೂಢಿಯಾದದ್ದರಿಂದ ಆರಂಭ

ಒಂದೂ ಶಬ್ದ ಬರದವರಲ್ಲೂ ಬಾಯಿಪಾಠವಾದ ಸಾಲುಗಳು ಉಳಿದಿರುವುದುಂಟು. ಒಂದು, ಎರಡು, ಮೂರು ಎಂದು ನೀವು ಶುರು ಮಾಡಿ, ನಾಲ್ಕಕ್ಕೆ ನಿಲ್ಲಿಸಿ ನೋಡಿ. ವಾರದ ದಿನಗಳು, ಎರಡರ ಮಗ್ಗಿ, ದಿನಾ ಹೇಳುತ್ತಿದ್ದ ಪ್ರಾರ್ಥನೆ, ವಚನ, ಭಜನೆಯ ಪದ, ನಮಾಜಿನ ಸಾಲು, ಅವರವರ ಮನೆಯಲ್ಲಿ ಯಾವುದು ನಡೆಯುತ್ತದೋ ಅದು. ಹಾಡಿನಲ್ಲಿ ಶಬ್ದ ಸರಾಗವಾಗಿ ಬರುವುದನ್ನು ಕಂಡು ಮನೆಯವರು ಬೆರಗಾಗುತ್ತಾರೆ. ಆದರೆ ಭಜನೆ ಹಾಡಿದ ಮಾತ್ರಕ್ಕೆ "ನೀರು ಬೇಕು" ಎನ್ನಲು ಬರುವುದಿಲ್ಲ. ರಾಗದಿಂದ ಮಾತಿಗೆ ಸೇತುವೆ ಕಟ್ಟಬೇಕು. 1970ರ ದಶಕದಲ್ಲಿ ಬಾಸ್ಟನ್ನಿನಲ್ಲಿ ರೂಪುಗೊಂಡ ರಾಗದ ಥೆರಪಿ ಮಾಡುವುದು ಇದನ್ನೇ. ಅರ್ಥ ಮಾಡಿಕೊಳ್ಳುವ ಶಕ್ತಿ ಉಳಿದು, ಮಾತು ಮಾತ್ರ ಕಟ್ಟಿಹೋದವರಿಗೆ ಇದು ಹೆಚ್ಚು ಹೊಂದುತ್ತದೆ.

ಮಾಡುವ ಕ್ರಮ ಹೀಗೆ. ದಿನಕ್ಕೆ ಬೇಕಾಗುವ ಚಿಕ್ಕ ಮಾತೊಂದನ್ನು ಆರಿಸಿ, ಉದಾಹರಣೆಗೆ "ಚಹಾ ಬೇಕು". ಒಂದು ಏರು ದನಿ, ಒಂದು ಇಳಿ ದನಿ, ಎರಡೇ ಸ್ವರ ಸಾಕು. ಅವರ ಎಡಗೈ ಹಿಡಿದು ಒಂದೊಂದು ಅಕ್ಷರಕ್ಕೂ ಮೇಜಿನ ಮೇಲೆ ಮೆಲ್ಲನೆ ತಟ್ಟಿಸುತ್ತ ಮೊದಲು ನೀವು ಗುನುಗಿ. ಆಮೇಲೆ ಇಬ್ಬರೂ ಕೂಡಿ ಹಾಡಿ. ಮುಂದಿನ ಸುತ್ತಿನಲ್ಲಿ ಕೊನೆಯ ಅಕ್ಷರಗಳಿಗೆ ನಿಮ್ಮ ದನಿ ತೆಗೆಯಿರಿ. ಅವರು ಒಬ್ಬರೇ ಹೇಳುವಂತಾದ ಮೇಲೆ ರಾಗವನ್ನು ತೆಳುವಾಗಿಸುತ್ತ ಸಾಮಾನ್ಯ ಮಾತಿನ ಧಾಟಿಗೆ ತನ್ನಿ. ಕೊನೆಗೆ "ಅಪ್ಪಾ, ಏನು ಬೇಕು?" ಎಂದು ಕೇಳಿ, ಅವರು ಹೇಳಿದ ಕೂಡಲೇ ಚಹಾ ಕೊಡಿ. ನುಂಗಲು ತೊಂದರೆ ಇಲ್ಲ ಎಂದು ಖಚಿತವಾದವರಿಗೆ ಮಾತ್ರ.

ಐದನೆಯ ಹೆಜ್ಜೆ: ಶಬ್ದ ಹುಡುಕುವುದು

ಅಭ್ಯಾಸದ ಶಬ್ದಗಳು ಅವರ ಬದುಕಿನಿಂದಲೇ ಬರಬೇಕು. ಮಾರುಕಟ್ಟೆಯಲ್ಲಿ ಸಿಗುವ ಚಿತ್ರಪುಸ್ತಕಗಳು ಮಕ್ಕಳಿಗಾಗಿ ಮಾಡಿದವು. ಎಪ್ಪತ್ತರ ಹಿರಿಯರ ಮುಂದೆ ಜಿರಾಫೆಯ ಚಿತ್ರ ಹಿಡಿದರೆ ಅವರಿಗೆ ಅವಮಾನವಾಗುತ್ತದೆ, ಆ ಶಬ್ದದಿಂದ ಅವರಿಗೆ ಆಗಬೇಕಾದ್ದೂ ಏನಿಲ್ಲ. ಮನೆಯ ವಸ್ತುಗಳ, ಮಕ್ಕಳು ಮೊಮ್ಮಕ್ಕಳ, ಓಣಿಯ, ಅಂಗಡಿಯ ಫೋಟೋ ಮೊಬೈಲಿನಲ್ಲಿ ತೆಗೆದು ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿ. ಹತ್ತು ಹನ್ನೆರಡು ಶಬ್ದಗಳಿಂದ ಆರಂಭಿಸಿದರೆ ಸಾಕು. ಶಬ್ದ ನಮ್ಮ ಕಡೆಯದೇ ಇರಲಿ. ಚಿತ್ರದ ಕೆಳಗೆ "ಈರುಳ್ಳಿ" ಎಂದಿದ್ದರೂ ಅವರು ಉಳ್ಳಾಗಡ್ಡಿ ಎಂದರೆ ಅದು ಪೂರಾ ಸರಿ.

ಶಬ್ದ ಸಿಗದಾಗ ನೇರವಾಗಿ ಹೇಳಿಕೊಡಬೇಡಿ, ಸುಳಿವಿನ ಮೆಟ್ಟಿಲು ಹತ್ತಿಸಿ. ಮೊದಲು ಕಾಯಿರಿ. ಆಮೇಲೆ ಅದರ ಉಪಯೋಗ ಕೇಳಿ. ಆಮೇಲೆ ಖಾಲಿ ಬಿಟ್ಟ ವಾಕ್ಯ: "ರೊಟ್ಟಿಗೆ ಶೇಂಗಾ..." ಎಂದು ನಿಲ್ಲಿಸಿ. ಆಗಲೂ ಬರದಿದ್ದರೆ ಮೊದಲ ಅಕ್ಷರದ ಬಾಯಾಕಾರ ತೋರಿಸಿ, ನಂತರ ಮೊದಲ ಅಕ್ಷರ ಹೇಳಿ. ಕೊನೆಗೆ ಪೂರಾ ಶಬ್ದ ಹೇಳಿ, ಕೂಡಿಯೇ ಒಮ್ಮೆ ಹೇಳಿಸಿ, ಮುಂದಕ್ಕೆ ಹೋಗಿ. ಸೋಲಿನಲ್ಲಿ ಯಾವ ಶಬ್ದವೂ ಮುಗಿಯಬಾರದು.

ಇದಕ್ಕಿಂತ ಆಳವಾದ ದಾರಿ ಶಬ್ದದ ಸುತ್ತಲಿನ ಅರ್ಥಗಳನ್ನು ಎಬ್ಬಿಸುವುದು. ಅಪ್ಪನ ಎದುರು ಒಂದು ಹಿಡಿ ಒಣಮೆಣಸಿನಕಾಯಿ ಇಟ್ಟಾಗ ಅವರು "ಹತ್ತಿ" ಎಂದರು. ಹತ್ತಿಯೂ ಅದೇ ಎಪಿಎಂಸಿಯಲ್ಲಿ ಮಾರುವ ಮಾಲು, ಶಬ್ದ ಪಕ್ಕದ ಅಂಕಣಕ್ಕೆ ಜಾರಿತ್ತು. ತಪ್ಪು ಎನ್ನದೆ ಹಾಳೆಯ ನಡುವೆ ಮೆಣಸಿನಕಾಯಿಯ ಚಿತ್ರ ಅಂಟಿಸಿ ಸುತ್ತ ಪ್ರಶ್ನೆ ಬರೆದೆವು. ಬಣ್ಣ ಯಾವುದು? "ಕೆಂಪು." ಎಲ್ಲಿಯದು? ಸ್ವಲ್ಪ ತಡೆದು "ಬ್ಯಾಡಗಿ." ರುಚಿ? ಕೈಯಿಂದ ಬಾಯಿಗೆ ಗಾಳಿ ಬೀಸಿಕೊಂಡು, ಆಮೇಲೆ ಬೇಡವೆಂಬಂತೆ ಕೈಯಾಡಿಸಿದರು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೇಳುತ್ತಿದ್ದಾರೆ ಎಂಬುದು ನಮಗೆ ತಿಳಿಯಿತು. ಎಷ್ಟು ಬಗೆ? "ಡಬ್ಬಿ... ಕಡ್ಡಿ." ಎರಡು ತಳಿಗಳ ಹೆಸರೂ ಬಂದವು, ಅದರ ಬೆನ್ನಿಗೇ "ಮೆಣಸಿನಕಾಯಿ" ಎಂಬ ಪೂರಾ ಶಬ್ದವೂ ಬಂತು. ಬೇಸಾಯದವರಾದರೆ ಬಿತ್ತನೆಯ ಸುತ್ತ, ನೇಯ್ಗೆಯವರಾದರೆ ಮಗ್ಗದ ಸುತ್ತ ಇಂಥ ಹಾಳೆ ಮಾಡಿಕೊಳ್ಳಿ. ಹೀಗೆ ಮಾಡುವುದರಿಂದ ಆ ಶಬ್ದ ಸಿಗುವುದರ ಜೊತೆಗೆ, ಶಬ್ದ ಸಿಗದಾಗ ಸುತ್ತಿ ಬಳಸಿ ಹೇಳುವ ರೂಢಿಯೂ ಬೆಳೆಯುತ್ತದೆ.

ವಸ್ತುಗಳ ಹೆಸರಿನಲ್ಲೇ ನಿಲ್ಲಬೇಡಿ. ಕ್ರಿಯಾಪದ ಹಿಡಿದರೆ ವಾಕ್ಯವೇ ಸಿಗುತ್ತದೆ. "ತೂಗು" ಎಂದು ಬರೆದು ಯಾರು ತೂಗುತ್ತಾರೆ, ಏನನ್ನು, ಎಲ್ಲಿ, ಯಾವುದರಿಂದ ಎಂದು ಕೇಳುತ್ತ ಹೋಗಿ. ಆರಂಭದಲ್ಲಿ "ಹಮಾಲ... ಚೀಲ... ತೂಗು" ಎಂದಷ್ಟೇ ಬರುತ್ತದೆ. ಕನ್ನಡದಲ್ಲಿ ಅನ್ನು, ಇಗೆ, ಅಲ್ಲಿ ಎಂಬ ಪ್ರತ್ಯಯಗಳೂ ಕ್ರಿಯಾಪದದ ಕೊನೆಯೂ ಮೊದಲು ಉದುರುತ್ತವೆ. ತಿದ್ದಲು ಹೋಗದೆ "ಹೌದು, ಹಮಾಲ ಚೀಲವನ್ನು ತೂಗುತ್ತಾನೆ" ಎಂದು ಪೂರಾ ವಾಕ್ಯವನ್ನು ಸಹಜವಾಗಿ ಹೇಳಿ ಮಾತು ಮುಂದುವರಿಸಿ.

ಆರನೆಯ ಹೆಜ್ಜೆ: ಓದು

ಓದಿಗೆ ಕೈಹಾಕುವ ಮುನ್ನ ಕಣ್ಣು ತೋರಿಸಿ. ಹಳೆಯ ಕನ್ನಡಕದ ನಂಬರು ಸರಿಯಿದೆಯೇ ಎಂಬುದು ಒಂದು ಪ್ರಶ್ನೆ. ದೊಡ್ಡ ಪ್ರಶ್ನೆ ಬೇರೆಯದು. ಲಕ್ವಾದಿಂದ ಎರಡೂ ಕಣ್ಣುಗಳ ನೋಟದ ಒಂದು ಪಕ್ಕ ಅಳಿಸಿಹೋಗಿರಬಹುದು. ಎಡಮಿದುಳಿಗೆ ಪೆಟ್ಟಾದರೆ ಬಲಪಕ್ಕ ಕಾಣುವುದಿಲ್ಲ. ಕನ್ನಡ ಓದುವಾಗ ಕಣ್ಣು ಎಡದಿಂದ ಬಲಕ್ಕೆ ಹೋಗುವುದರಿಂದ ಮುಂದಿನ ಶಬ್ದವೇ ಕತ್ತಲೆ. ಇಂಥವರಿಗೆ ಸಾಲಿನ ಬಲತುದಿಯಲ್ಲಿ ಮೇಲಿನಿಂದ ಕೆಳಗೆ ದಪ್ಪ ಕೆಂಪು ಗೆರೆ ಎಳೆದು, ಗೆರೆ ಕಾಣುವ ತನಕ ಕಣ್ಣು ಸರಿಸಲು ಹೇಳಿ. ಬಲಮಿದುಳಿನ ಪೆಟ್ಟಿನಲ್ಲಿ ಎಡಪಕ್ಕದ ಕಡೆಗೆ ಗಮನವೇ ಹೋಗದೆ ಸಾಲಿನ ಆರಂಭವನ್ನೇ ಬಿಟ್ಟು ಓದುವುದುಂಟು. ಅವರಿಗೆ ಕೆಂಪು ಗೆರೆ ಎಡ ಅಂಚಿನಲ್ಲಿರಲಿ. ಇಬ್ಬರಿಗೂ ಸಾಲಿನ ಕೆಳಗೆ ಅಳತೆಪಟ್ಟಿ ಅಥವಾ ಒಂದು ಸಾಲು ಮಾತ್ರ ಕಾಣುವಂತೆ ಕಿಟಕಿ ಕತ್ತರಿಸಿದ ರಟ್ಟು ಬಹಳ ಸಹಾಯ ಮಾಡುತ್ತದೆ.

ಅಪರೂಪಕ್ಕೆ ಕೆಲವರು ಬರೆಯಬಲ್ಲರು, ತಾವೇ ಬರೆದದ್ದನ್ನು ಓದಲಾರರು. 1892ರಲ್ಲೇ ಫ್ರಾನ್ಸಿನ ದೇಜೆರಿನ್ ಇದನ್ನು ವಿವರಿಸಿದ್ದರು. ಇವರಿಗೆ ಅಂಗೈಯ ಮೇಲೆ ಬೆರಳಿನಿಂದ ಅಕ್ಷರ ಬರೆದು ತೋರಿಸಿದರೆ, ಅಥವಾ ಅವರೇ ಗಾಳಿಯಲ್ಲಿ ಅಕ್ಷರ ತಿದ್ದಿದರೆ, ಗುರುತು ಹತ್ತುತ್ತದೆ.

ಅ ಆ ಇ ಈ ಇಂದ ಆರಂಭಿಸುವ ಮೋಹ ಎಲ್ಲರಿಗೂ ಇರುತ್ತದೆ. ಬೇಡ ಎನ್ನುತ್ತೇನೆ. ಬಿಡಿ ಅಕ್ಷರಕ್ಕೆ ಅರ್ಥವಿಲ್ಲ, ಪರಿಚಿತ ಶಬ್ದಕ್ಕೆ ಇದೆ. ಸ್ವಂತ ಹೆಸರು, ಹೆಂಡತಿ ಮಕ್ಕಳ ಹೆಸರು, ಮನೆಯ ಹೆಸರಿನ ಫಲಕ ಮೊದಲು. ಆಮೇಲೆ ನಮ್ಮ ಸುತ್ತಲಿನ ಊರುಗಳ ಹೆಸರು ಬಲು ಅನುಕೂಲ, ಸುಲಭದಿಂದ ಕಷ್ಟದ ತನಕ ಮೆಟ್ಟಿಲುಗಳು ಅವುಗಳಲ್ಲೇ ಇವೆ. ಗದಗ ಎಂಬಲ್ಲಿ ಗುಣಿತವೂ ಇಲ್ಲ, ಒತ್ತೂ ಇಲ್ಲ. ನರಗುಂದ, ನವಲಗುಂದದಲ್ಲಿ ಒಂದು ಕೊಂಬು, ಒಂದು ಸೊನ್ನೆ. ಹಾವೇರಿ, ಧಾರವಾಡದಲ್ಲಿ ದೀರ್ಘಗಳು. ಅಣ್ಣಿಗೇರಿ, ಶಿಗ್ಗಾವಿಯಲ್ಲಿ ಒಂದೊಂದು ಒತ್ತು. ಹುಬ್ಬಳ್ಳಿಯಲ್ಲಿ ಎರಡು. ಲಕ್ಷ್ಮೇಶ್ವರ ಕೊನೆಗೆ. ಚೀಟಿಗಳನ್ನು ಮಾಡಿ, "ಹಾವೇರಿ ಯಾವುದು?" ಎಂದು ಕೇಳಿ ಆರಿಸಲು ಹೇಳಿ. ಬಾಯಿಂದ ಬರದಿದ್ದರೂ ಕೈ ಸರಿಯಾದ ಚೀಟಿಗೆ ಹೋದರೆ ಓದು ಉಳಿದಿದೆ ಎಂದೇ ಅರ್ಥ.

ಅಕ್ಷರಗಳ ಗೊಂದಲ ಉಳಿದೇ ಇದ್ದರೆ ಆಗ ಬಿಡಿ ಅಭ್ಯಾಸಕ್ಕೆ ಇಳಿಯಿರಿ. ಪ-ಷ, ವ-ಮ, ದ-ಧ, ಬ-ಭ ಇಂಥ ಜೋಡಿಗಳು ಕಾಡುತ್ತವೆ. ಅಕ್ಷರಕ್ಕೊಂದು ಬಣ್ಣ, ಒತ್ತಿಗೆ ಇನ್ನೊಂದು ಬಣ್ಣ ಕೊಟ್ಟು ಬರೆದರೆ ಕಣ್ಣು ಬೇಗ ಹಿಡಿಯುತ್ತದೆ. ಉದ್ದ ಶಬ್ದಗಳನ್ನು ಮುರಿದು ಬರೆಯಿರಿ. "ಮಾರುಕಟ್ಟೆಯಿಂದಲೇ" ಎಂಬುದನ್ನು ಮಾರುಕಟ್ಟೆ, ಇಂದ, ಏ ಎಂದು ಮೂರು ತುಂಡು ಮಾಡಿ ತೋರಿಸಿ, ಆಮೇಲೆ ಕೂಡಿಸಿ.

ವಾಕ್ಯಕ್ಕೆ ಬಂದ ಮೇಲೆ ಕೂಡಿ ಓದುವುದು ಎಲ್ಲಕ್ಕಿಂತ ಫಲಕಾರಿ. ನಾಲ್ಕೈದು ಶಬ್ದಗಳ ವಾಕ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಮೊದಲು ಬೆರಳಿಡುತ್ತ ನೀವು ಓದಿ, ಅವರು ನೋಡಲಿ. ಆಮೇಲೆ ಅವರೇ ಬೆರಳಿಡಲಿ, ಇಬ್ಬರೂ ಒಟ್ಟಿಗೆ ಗಟ್ಟಿಯಾಗಿ ಓದಿ, ನಿಧಾನವಾಗಿ, ಎರಡು ಮೂರು ಸಲ. ನಂತರ ಒಂದು ಶಬ್ದ ಹೇಳಿ ಎಲ್ಲಿದೆ ಎಂದು ತೋರಿಸಲು ಕೇಳಿ. ನೀವು ತೋರಿಸಿದ ಶಬ್ದವನ್ನು ಅವರು ಓದಲಿ. ಕೊನೆಗೆ ಪೂರಾ ವಾಕ್ಯ ಮತ್ತೊಮ್ಮೆ ಕೂಡಿಯೇ. ತಪ್ಪಿದಲ್ಲಿ ನಿಲ್ಲಿಸಬೇಡಿ, ನಿಮ್ಮ ದನಿ ಅವರನ್ನು ಎಳೆದುಕೊಂಡು ಹೋಗಲಿ. ಈ ಒಂದೇ ಅಭ್ಯಾಸದಿಂದ ಓದು, ಮಾತು, ಕೇಳಿ ತಿಳಿಯುವುದು ಮೂರೂ ಬಲವಾಗುತ್ತವೆ.

ಪತ್ರಿಕೆಗೆ ಮರಳುವಾಗ ತಲೆಬರಹ ಮಾತ್ರ. ಮೊದಲು ಸುದ್ದಿಯನ್ನು ನೀವು ಬಾಯಿಂದ ಹೇಳಿ, ಆಮೇಲೆ ಅದರ ತಲೆಬರಹವನ್ನು ಕೂಡಿ ಓದಿ. ವಿಷಯ ಗೊತ್ತಿದ್ದರೆ ಶಬ್ದ ಬೇಗ ಸಿಗುತ್ತದೆ. ಅಪ್ಪ ಮೊದಲು ಹಿಡಿದದ್ದು ಪೇಟೆ ಧಾರಣೆಯ ಅಂಕಣ. ಅಂಕಿಗಳು ಅವರ ಬದುಕಿನ ಭಾಗವಾಗಿದ್ದವು. ಅಂಕಿ ಹೇಳುವಾಗ ಐವತ್ತಕ್ಕೆ ಅರವತ್ತು ಬರುತ್ತಿದ್ದರೂ ಬೆರಳಿಟ್ಟು ತೋರಿಸಿದ ದರ ಸರಿಯಾಗಿರುತ್ತಿತ್ತು. ಹೊರಗೆ ಹೋದಾಗ ಅಂಗಡಿಯ ಫಲಕ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಬರುವ ನಿಲ್ದಾಣದ ಹೆಸರು ಓದಿಸಿ. ಅಲ್ಲಿ ಹೆಸರು ಕಿವಿಗೂ ಕೇಳುತ್ತದೆ, ಕಣ್ಣಿಗೂ ಕಾಣುತ್ತದೆ.

ಬರಹ

ಬಲಗೈ ಏಳದಿದ್ದರೆ ಎಡಗೈಯಲ್ಲೇ ಕಲಿಸಿ. ಮೊದಲು ಸಹಿ. ಸಹಿ ಬದಲಾದರೆ ಬ್ಯಾಂಕಿಗೆ ಬೇಗ ತಿಳಿಸಿ ಹೊಸ ಮಾದರಿ ಕೊಡಿ, ಪಿಂಚಣಿ ನಿಲ್ಲುವ ತನಕ ಕಾಯಬೇಡಿ. ಕಿರಾಣಿ ಪಟ್ಟಿ ನಕಲು ಮಾಡುವುದು ಎರಡನೆಯ ಪಾಠವಾಗಲಿ.

ಏಳನೆಯ ಹೆಜ್ಜೆ: ಎಷ್ಟು ಹೊತ್ತು, ಯಾವಾಗ

ಒಂದು ಸಲಕ್ಕೆ ಇಪ್ಪತ್ತು ಮೂವತ್ತು ನಿಮಿಷ, ದಿನಕ್ಕೆ ಎರಡು ಮೂರು ಸಲ. ಬೆಳಗಿನ ನಾಷ್ಟಾ ಆದ ಮೇಲಿನ ಹೊತ್ತು ಒಳ್ಳೆಯದು. ಲಕ್ವಾ ಆದ ಮಿದುಳು ಬೇಗ ದಣಿಯುತ್ತದೆ, ದಣಿದಾಗ ಬಂದ ಶಬ್ದವೂ ಹೋಗುತ್ತದೆ. ಹುಬ್ಬು ಗಂಟಿಕ್ಕಿದರೆ, ಒಂದೇ ಶಬ್ದ ಪದೇ ಪದೇ ಬರತೊಡಗಿದರೆ ನಿಲ್ಲಿಸಿ, ಬರುವ ಒಂದು ಸುಲಭ ಶಬ್ದ ಹೇಳಿಸಿ ಏಳಿ. ವಾರಕ್ಕೊಮ್ಮೆ ಮೊಬೈಲಿನಲ್ಲಿ ಎರಡು ನಿಮಿಷದ ಮಾತು ಧ್ವನಿಮುದ್ರಿಸಿ ದಿನಾಂಕ ಹಾಕಿಡಿ. ದಿನಾ ನೋಡುವವರಿಗೆ ಸುಧಾರಣೆ ಕಾಣುವುದಿಲ್ಲ, ಮೂರು ತಿಂಗಳ ಹಿಂದಿನ ದನಿ ಕೇಳಿದಾಗ ಅವರಿಗೂ ನಿಮಗೂ ಧೈರ್ಯ ಬರುತ್ತದೆ. ಥೆರಪಿಸ್ಟ್‌ಗೂ ಅದು ಬೇಕು.

ಮನಸ್ಸು

ಲಕ್ವಾ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಮಾತು ಹೋದವರು ಅದನ್ನು ಹೇಳಿಕೊಳ್ಳಲೂ ಆರರು. ಊಟ ಬಿಡುವುದು, ಅಭ್ಯಾಸಕ್ಕೆ ಮುಖ ತಿರುಗಿಸುವುದು, ಬೆಳಗಿನ ಜಾವ ಎಚ್ಚರವಾಗಿ ಮಲಗಿರುವುದು ಕಂಡರೆ ಹಟ ಎನ್ನಬೇಡಿ, ವೈದ್ಯರಿಗೆ ಹೇಳಿ. ಚಿಕಿತ್ಸೆ ಇದೆ. ಮನೆಯವರು ಸೋತಾಗಲೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಕಾರಣವಿಲ್ಲದೆ ಅಳು, ನಗು ಉಕ್ಕಿ ಬರುವುದು ಖಿನ್ನತೆಗಿಂತ ಬೇರೆ, ಅದೂ ಲಕ್ವಾದ ಪರಿಣಾಮವೇ. ಅದಕ್ಕೆ ಕಾರಣ ಹುಡುಕದೆ ಮಾತು ಬದಲಿಸಿ.

ಎಂಟನೆಯ ಹೆಜ್ಜೆ: ಹೊಸ್ತಿಲ ಆಚೆಗೆ

ಒಂದು ನಿಜವಾದ ಸಂದರ್ಭಕ್ಕೆ ನಾಲ್ಕು ಸಾಲಿನ ಮಾತುಕತೆ ಬರೆದು ರೂಢಿ ಮಾಡಿಸಿ. "ಅರ್ಧ ಕಿಲೋ ಉಳ್ಳಾಗಡ್ಡಿ ಕೊಡಿ. ಎಷ್ಟಾಯಿತು? ಚಿಲ್ಲರೆ ಕೊಡಿ. ಬರುತ್ತೇನೆ." ಮನೆಯಲ್ಲಿ ಸರಾಗವಾದ ಮೇಲೆ ಪರಿಚಯದ ತರಕಾರಿಯವರ ಬಳಿ, ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಕರೆದುಕೊಂಡು ಹೋಗಿ. ನೀವು ಎರಡು ಹೆಜ್ಜೆ ಹಿಂದೆ ನಿಲ್ಲಿ. ಅವರ ಪರವಾಗಿ ಹೇಳಲು ಬಾಯಿ ತುರಿಸಿದರೂ ತಡೆದುಕೊಳ್ಳಿ. ಅಂಗಿಯ ಜೇಬಿನಲ್ಲಿ ಒಂದು ಚೀಟಿ ಇರಲಿ: "ನನಗೆ ಲಕ್ವಾ ಆಗಿ ಮಾತು ತಡವಾಗಿ ಬರುತ್ತದೆ. ನೀವು ಹೇಳುವುದು ತಿಳಿಯುತ್ತದೆ. ದಯವಿಟ್ಟು ಸ್ವಲ್ಪ ಕಾಯಿರಿ." ಕೆಳಗೆ ಮನೆಯವರ ಫೋನ್ ನಂಬರು. ಫೋನಿನ ಮಾತು ಎಲ್ಲಕ್ಕಿಂತ ಕಷ್ಟ, ಅದರಲ್ಲಿ ಮುಖ ಕಾಣುವುದಿಲ್ಲ. ವೀಡಿಯೊ ಕರೆಯಿಂದ ಆರಂಭಿಸಿ.

ಕಾಗದಪತ್ರದ ಕೆಲಸವನ್ನೂ ಬಿಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಅವುಗಳಲ್ಲಿ ಮಾತು ಮತ್ತು ಭಾಷೆಯ ವೈಕಲ್ಯ ಒಂದು. ಅಫೇಸಿಯಾದಿಂದ ಶಾಶ್ವತವಾಗಿ ಉಳಿಯುವ ತೊಂದರೆಯನ್ನು ಕಾಯ್ದೆ ಹೆಸರಿಸಿಯೇ ಹೇಳಿದೆ. ಬಹಳಷ್ಟು ಮನೆಗಳಲ್ಲಿ ಕೈಕಾಲಿನ ವೈಕಲ್ಯವನ್ನು ಮಾತ್ರ ಬರೆಸಿ ಬರುತ್ತಾರೆ. ಮುಖ್ಯ ಸೌಲಭ್ಯಗಳಿಗೆ ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯ ಬೇಕಾಗುವುದರಿಂದ ಮಾತಿನ ತೊಂದರೆಯನ್ನೂ ದಾಖಲಿಸುವುದು ಮುಖ್ಯ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವಾಗ ಸ್ಪೀಚ್ ಥೆರಪಿಸ್ಟ್ ಕೊಟ್ಟ ಪರೀಕ್ಷೆಯ ವರದಿ, ಮಿದುಳಿನ ಸ್ಕ್ಯಾನ್ ವರದಿ, ಆಸ್ಪತ್ರೆಯ ಬಿಡುಗಡೆ ಪತ್ರ ಮೂರನ್ನೂ ಜೊತೆಗಿಡಿ. ವೈದ್ಯಕೀಯ ಮಂಡಳಿಯ ಎದುರು ವೈದ್ಯರು ಪ್ರಶ್ನೆ ಕೇಳಿದಾಗ ರೋಗಿಯೇ ಉತ್ತರಿಸಲಿ, ಎಷ್ಟು ಹೊತ್ತು ಹಿಡಿದರೂ ಸರಿ. ಮನೆಯವರು ಉತ್ತರಿಸಿಬಿಟ್ಟರೆ ಅವರ ತೊಂದರೆ ಎಷ್ಟಿದೆ ಎಂಬುದು ವೈದ್ಯರಿಗೆ ತಿಳಿಯುವುದಿಲ್ಲ.